ನಾಲ್ಕನೆಯ ಚೌಕ

ಮೆಟ್ಟಿಲಿನ ಮೇಲೆ ದೇವದಾಸ್ ಎದುರಾಗದ ದಿನವೇ ಒಳ್ಳೆಯ ದಿನ ಎಂದು ಸುಮುಖ ನಾಲ್ಕು ತಿಂಗಳಿಂದ ತೀರ್ಮಾನಿಸಿಕೊಂಡುಬಿಟ್ಟಿದ್ದ. ಅದಕ್ಕಾಗಿ ಎಂಟೂ ಹತ್ತಕ್ಕೆ ಹೊರಡುತ್ತಿದ್ದವನು ಏಳೂ ಐವತ್ತಕ್ಕೇ ಹೊರಡುತ್ತಿದ್ದ. ಬಾಗಿಲು ತೆಗೆಯುವ ಮುಂಚೆ ಚಿಲಕದ ಮೇಲೆ ಕೈಯಿಟ್ಟು ಮೇಲಿನ ಮಹಡಿಯ ಚಪ್ಪಲಿಯ ಸದ್ದಿಗೆ ಕಿವಿಗೊಡುತ್ತಿದ್ದ. ಸ್ವಂತ ಮನೆಯಿಂದ ಕಳ್ಳನ ಹಾಗೆ ಹೊರಬೀಳಬೇಕಾಗಿ ಬಂದದ್ದಕ್ಕೆ ಅವನಿಗೆ ದೇವದಾಸನ ಮೇಲೆಯೇ ಸಿಟ್ಟು. ಅವನೇನು ಗೂಂಡಾ ಅಲ್ಲ, ಸಾಲ ಕೊಟ್ಟವನಲ್ಲ. ಡೊಂಬಿವಲಿ ಸ್ಟೇಷನ್ನಿನ ಹತ್ತಿರದ ಒಂದು ಇಡ್ಲಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇರುವ, ಕುಂದಾಪುರದ ಕಡೆಯ, ಹಣೆಗೆ ಸಣ್ಣ ಗಂಧದ ಬೊಟ್ಟಿಡುವ ಮನುಷ್ಯ. ಎದುರು ಸಿಕ್ಕರೆ ನಗುತ್ತಾನೆ. ಆ ನಗುವನ್ನೇ ಸುಮುಖ ತಾಳಲಾರದೆ ಇದ್ದದ್ದು. ಈ ದಿನ ಎಷ್ಟು ಕಿವಿಗೊಟ್ಟರೂ ಪ್ರಯೋಜನವಾಗಲಿಲ್ಲ, ಯಾಕೆಂದರೆ ದೇವದಾಸ್ ಮೇಲಿನಿಂದ ಇಳಿಯುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ಟು ಹಿಡಿದು ಕೆಳಗಿನಿಂದ ಹತ್ತಿ ಬರುತ್ತಿದ್ದ.

"ಸುಮುಖರೇ, ಒಂದು ನಿಮಿಷ ಆಯ್ತಾ."

"ಟ್ರೇನಿಗೆ ಲೇಟಾಗತ್ತೆ ದೇವದಾಸ್ ಅವ್ರೇ."

"ಎಂತ ಇಲ್ಲ, ಒಂದೇ ಮಾತು. ಬೆಳಗ್ಗೆ ಎದ್ದಾಗಿನಿಂದ ನಂಗೆ ನಾಲಾದ ಕಡೆಯಿಂದ ವಾಸನೆ ಬಂದ ಹಾಗೆ ಆಗ್ತಾ ಉಂಟು. ನಿಮ್ಮ ಮೊಬೈಲಲ್ಲಿ ನೋಡಿ ಹೇಳ್ತೀರಾ, ಉಂಟಾ ಇಲ್ವಾ ಅಂತ?"

ಅವನ ದನಿಯಲ್ಲಿ ವ್ಯಂಗ್ಯ ಇರಬಹುದೇ ಎಂದು ಸುಮುಖ ಹುಡುಕಿದ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಆ ಮನುಷ್ಯ ನಿಜವಾಗಿಯೂ ಕೇಳುತ್ತಿದ್ದ, ರಕ್ತಪರೀಕ್ಷೆಯ ಚೀಟಿಯನ್ನು ಓದಿ ಹೇಳಿ ಎನ್ನುವವನ ಹಾಗೆ. ಸುಮುಖ ಫೋನು ತೆಗೆದ. ಆರು ಚೌಕಗಳು, ಆರೂ ಹಸಿರು. ಕೊಳಚೆ ಹರಿಯುವ ಆ ದೊಡ್ಡ ಚರಂಡಿ, ನಾಲಾದ ಬದಿಯ ಕಂಬದ್ದು ನಾಲ್ಕನೆಯದು. ಅದರಲ್ಲಿ ಸೊನ್ನೆ ಪಾಯಿಂಟ್ ನಾಲ್ಕು ಎಂಬ ಅಂಕಿ. ಮೂರು ಸೆಕೆಂಡಿಗೊಮ್ಮೆ ಚೌಕ ಕೊಂಚ ಮಂಕಾಗಿ ಮತ್ತೆ ಬೆಳಗುತ್ತಿತ್ತು. "ಇಲ್ಲ, ಹಸಿರಿದೆ," ಎಂದ. "ಹಾಗಾದ್ರೆ ಇಲ್ಲ," ಎಂದ ದೇವದಾಸ್, "ನಂದೇ ಭ್ರಮೆ. ಥ್ಯಾಂಕ್ಸ್ ಆಯ್ತಾ," ಎಂದು ನಕ್ಕು ಮೇಲೆ ಹೋದ. ಅಷ್ಟು ಹೊತ್ತೂ ತಾನು ಬಾಯಿಂದ ಉಸಿರಾಡುತ್ತಿದ್ದೆ ಎಂಬುದು ಸುಮುಖನಿಗೆ ಗೇಟು ದಾಟಿದ ಮೇಲೆ ಗೊತ್ತಾಯಿತು.

ಗೇಟಿನ ಪಕ್ಕದ ಗೋಡೆಯ ಮೇಲೆ, ವಾಚ್‌ಮನ್ ಕುರ್ಚಿಯ ತಲೆಗೆ ಸರಿಯಾಗಿ, ಅದೇ ಆರು ಚೌಕಗಳ ದೊಡ್ಡ ಪರದೆಯಿದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕೆಲವು ಕಾರ್ಖಾನೆಯವರು ಕೂಡಿಕೊಂಡು, ನೆರೆಹೊರೆಯ ಮೇಲಿನ ಪ್ರೀತಿಗೆ ಸಾಕ್ಷಿಯೆಂದು, ಈ ವಸತಿ ಸೊಸೈಟಿಗೆ ಹಾಕಿಸಿಕೊಟ್ಟದ್ದು. ಕಂಬಗಳ ಮೇಲಿನ ಸೆನ್ಸರುಗಳು ಗಾಳಿಯನ್ನು ಮೂಸಿ ಹದಿನೈದು ಸೆಕೆಂಡಿಗೊಮ್ಮೆ ಒಂದು ಅಂಕಿ ಕಳಿಸುತ್ತವೆ. ಆ ಅಂಕಿ ಬಣ್ಣವಾಗಿ ಇಲ್ಲಿ ಕಾಣಿಸುತ್ತದೆ. ಹಸಿರು, ಹಳದಿ, ಕೆಂಪು. ಕಾಣಿಸುವಂತೆ ಮಾಡಿದವನು ಸುಮುಖ. ಪರದೆಯ ಉದ್ಘಾಟನೆಯ ದಿನ ಸೊಸೈಟಿಯವರು ಅವನನ್ನು ಕೂರಿಸಿ, ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟಿದ್ದರು. ಕಾಯಿ ಮಾರನೆಯ ದಿನ ಚಟ್ನಿಯಾಯಿತು. ಶಾಲನ್ನು ಹೆಂಡತಿ ಸಂಯುಕ್ತಾ ಬೀರುವಿನ ಮೇಲಿನ ಅರೆಯಲ್ಲಿಟ್ಟಿದ್ದಾಳೆ. ಪ್ಯಾಂಟು ತೆಗೆಯುವಾಗಲೆಲ್ಲ ಅದರ ಜರಿಯ ಅಂಚು ಕಾಣಿಸುತ್ತದೆ, ಅವನು ಬೇಗ ಬಾಗಿಲು ಮುಚ್ಚುತ್ತಾನೆ.

ರೈಲಿನಲ್ಲಿ ಥಾಣೆಯವರೆಗೆ ತಾನಾಗಿ ನಿಂತದ್ದಲ್ಲ, ಜನ ನಿಲ್ಲಿಸಿದ್ದು. ಯಾರದೋ ಬ್ಯಾಗಿನ ಮೂಲೆ ಪಕ್ಕೆಗೆ, ಯಾರದೋ ಎಣ್ಣೆತಲೆ ಮೂಗಿನ ಕೆಳಗೆ. ಈ ಜನಕ್ಕೆಲ್ಲ ಏನಾದರೂ ಆಗಲಿ ಎಂದು ದಿನವೂ ಅನ್ನಿಸುವ ಹಾಗೆ ಇವತ್ತೂ ಅನ್ನಿಸಿತು. ಕೈಯನ್ನು ಹೇಗೋ ಮೇಲೆತ್ತಿ ಫೋನಿನಲ್ಲಿ ಒಳಗಿನ ದಾಖಲೆ ತೆರೆದ. ಇದು ಸೊಸೈಟಿಯವರಿಗೆ ಕಾಣುವ ಪುಟವಲ್ಲ, ಕಂಪನಿಯವರಿಗೆ ಮಾತ್ರ. ನಾಲ್ಕನೆಯ ಸೆನ್ಸರ್ ಕಡೆಯ ಸಲ ಮಾತಾಡಿದ್ದು ಬೆಳಗ್ಗೆ ಆರೂ ಹತ್ತಕ್ಕೆ. ಆಮೇಲೆ ಸದ್ದಿಲ್ಲ. ಏಳೂ ಐವತ್ತಕ್ಕೆ ಮೆಟ್ಟಿಲ ಮೇಲೆ ನಿಂತು ಅವನು ಓದಿ ಹೇಳಿದ್ದು ಉಸಿರು ನಿಂತ ಒಂದು ಡಬ್ಬಿಯ ಹಳೆಯ ಮಾತು. ಮತ್ತೆ ಅದೇ. ನಾಲ್ಕು ತಿಂಗಳ ಹಿಂದಿನದೇ. ನಾಚಿಕೆ ಕುತ್ತಿಗೆಯವರೆಗೆ ಬಿಸಿಯಾಗಿ ಏರಿತು, ಅದರ ಹಿಂದೆಯೇ ಸಿಟ್ಟು: ನನ್ನನ್ನು ಯಾಕೆ ಕೇಳಬೇಕಿತ್ತು ಆ ಮುಂಡೇಗಂಡ? ಮುಖದ ಮಧ್ಯೆ ಒಂದು ಮೂಗಿಲ್ಲವೇ ಅವನಿಗೆ? ಇತ್ತು. ಅದನ್ನು ಕಿತ್ತುಕೊಂಡವರು ಯಾರು ಎಂಬ ಪ್ರಶ್ನೆ ಬರುವಷ್ಟರಲ್ಲಿ ಮುಂಬ್ರಾ ಬಂತು, ಇನ್ನಷ್ಟು ಜನ ನುಗ್ಗಿದರು, ಯೋಚನೆ ಮಾಡಲು ಎದೆಯಲ್ಲಿ ಜಾಗ ಉಳಿಯಲಿಲ್ಲ.

ಮೊದಲು ಆ ಪರದೆಯಲ್ಲಿ ಬೂದು ಬಣ್ಣವೂ ಇತ್ತು. ಸೆನ್ಸರ್ ಐದು ನಿಮಿಷ ಮಾತಾಡದಿದ್ದರೆ ಚೌಕ ಬೂದಾಗಿ, ಅಂಕಿಯ ಜಾಗದಲ್ಲಿ ಒಂದು ಗೆರೆ ಬರುವಂತೆ ಸುಮುಖನೇ ಮಾಡಿದ್ದ. ಅದು ಆ ಕಸುಬಿನ ಮೊದಲ ಪಾಠ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತೋರಿಸುವುದು. ಕಾರ್ಖಾನೆಯವರ ಕಡೆಯ ದೊಡ್ಡ ಸಾಹೇಬರು ಡೆಮೋ ದಿನ ಬೂದು ಚೌಕವನ್ನು ಬೆರಳಿನಿಂದ ಅಲ್ಲ, ಬಿಸ್ಕತ್ತಿನಿಂದ ತೋರಿಸಿ, "ಯೇ ಕ್ಯಾ ಹೈ? ಮಾತಮ್ ಜೈಸಾ ಲಗ್ತಾ ಹೈ," ಎಂದರು. ಸೂತಕದ ಹಾಗೆ ಕಾಣುತ್ತದಂತೆ. ಎಲ್ಲರೂ ನಕ್ಕರು. ತೆಗೆದುಬಿಡು ಎಂದು ಯಾರೂ ಸುಮುಖನಿಗೆ ಹೇಳಲಿಲ್ಲ. ಯಾರಾದರೂ ಹೇಳಿದ್ದಿದ್ದರೆ ಇಷ್ಟು ದಿನ ಅವರ ಮೇಲೆ ಹಾಕಿಕೊಂಡು ಬದುಕಬಹುದಿತ್ತು. ಅವನೇ, ಹಾಳು ನಾಲಗೆ, ಎಲ್ಲರಿಗಿಂತ ಮುಂಚೆ, "ಕೊನೇಲಿ ಬಂದ ಒಳ್ಳೇ ಅಂಕಿಯನ್ನೇ ಹಿಡಿದಿಟ್ಟು ತೋರಿಸಬಹುದು ಸರ್," ಎಂದ. ಸಾಹೇಬರು ಬಿಸ್ಕತ್ತು ಕಚ್ಚಿ ತಲೆಯಾಡಿಸಿದರು. ಕಡೆಯ ಅಂಕಿ ಬಂದ ಹೊತ್ತನ್ನು ಮೂಲೆಯಲ್ಲಿ ಸಣ್ಣಕ್ಕೆ ಬರೆದಿದ್ದುದೂ ಗಿಜಿಗಿಜಿ ಎಂದಾಯಿತು, ಹೋಯಿತು. ಪರದೆ ಸತ್ತ ಹಾಗೆ ಕಾಣಬಾರದೆಂದು ಮೂರು ಸೆಕೆಂಡಿಗೊಮ್ಮೆ ಚೌಕ ಮಿಡಿಯುವಂತೆ ಮಾಡಿದ. ಆ ಮಿಡಿತಕ್ಕೂ ಕಂಬದ ಮೇಲಿನ ಸೆನ್ಸರಿಗೂ ಯಾವ ಸಂಬಂಧವೂ ಇರಲಿಲ್ಲ. ಅದನ್ನು ನೋಡಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ತಾನೇ ಎಂಬುದು ಈಗ ನೆನಪಾಯಿತು.

ಥಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಐರೋಲಿಯ ಗಾಡಿಗೆ ಓಡುವಾಗ ಎದುರಿಗೆ ಬಂದದ್ದು ಜುಲೈನ ಆ ಭಾನುವಾರ. ಸೊಸೈಟಿಯ ಮೀಟಿಂಗ್ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ದೇವದಾಸ್ ಎದ್ದು ನಿಂತು, ತನ್ನ ಹೋಟೆಲಿನ ಮರಾಠಿಯಲ್ಲಿ, ಒಂದು ವಾರದಿಂದ ಬೆಳಗಿನ ಜಾವ ನಾಲಾದ ಕಡೆಯಿಂದ ಕೆಟ್ಟ ವಾಸನೆ ಬರುತ್ತಿದೆ, ಸೊಸೈಟಿಯಿಂದ ಒಂದು ದೂರು ಬರೆಯಬೇಕು ಎಂದ. ಅಧ್ಯಕ್ಷರು ಪುಂಡರೀಕಾಕ್ಷ, ಬ್ಯಾಂಕಿನಲ್ಲಿದ್ದು ನಿವೃತ್ತರಾದ ಮೈಸೂರಿನವರು. ಅವರು ಗೋಡೆಯ ಮೇಲೆ ನಾಲ್ಕನೆಯ ಸೆನ್ಸರಿನ ಆ ವಾರದ ಗ್ರಾಫಿನ ಗೆರೆಯನ್ನೇ ತೆರೆದು ತೋರಿಸಿದರು. ಸೊನ್ನೆ ಪಾಯಿಂಟ್ ನಾಲ್ಕು, ಸೋಮವಾರದಿಂದ ಭಾನುವಾರದವರೆಗೆ, ರೂಲು ಹಿಡಿದು ಎಳೆದಷ್ಟು ನೇರ. ಮಳೆ ಬಂದು ಹೋಗಿದೆ, ಗಾಳಿ ತಿರುಗಿದೆ, ಗೆರೆ ಮಾತ್ರ ಅಲುಗಿಲ್ಲ. ಗಾಳಿಯೆಂಬುದು ಎಲ್ಲಾದರೂ ಹೀಗಿರುತ್ತದೆಯೇ ಎಂದು ಆ ಅರವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ನೇರವಾದ ಗೆರೆ ಕಂಡರೆ ಜನಕ್ಕೆ ಸಮಾಧಾನ. ಹಿಂದಿನಿಂದ ಯಾರೋ, "ನಾಕ್ ತಪಾಸೂನ್ ಘ್ಯಾ," ಎಂದರು. ಮೂಗು ತೋರಿಸಿಕೊಂಡು ಬನ್ನಿ. ಹಾಲೆಲ್ಲ ನಗು. ಪುಂಡರೀಕಾಕ್ಷರು ಮೂರನೆಯ ಸಾಲಿನತ್ತ ತಿರುಗಿ ಕನ್ನಡದಲ್ಲಿ, "ಇದನ್ನ ಮಾಡಿರೋನು ನಮ್ಮ ಸುಮುಖನೇ. ಏನಪ್ಪಾ, ಮಿಷನ್ ತಪ್ಪು ಹೇಳತ್ತಾ?" ಎಂದರು. ಸೆನ್ಸರಿನ ಡಬ್ಬಿಯೊಳಗೆ ನೀರು ಹೊಕ್ಕು ಅದು ಸತ್ತು ಆಗ ಹನ್ನೊಂದು ದಿನ. ಅದು ಸುಮುಖನಿಗೆ ಗೊತ್ತಾಗಿ ಎಂಟು ದಿನ. "ಇಲ್ಲ ಸರ್, ಸಿಸ್ಟಮ್ ಸರಿಯಾಗೇ ಇದೆ," ಎಂದ. ಸುಳ್ಳೇನಲ್ಲ. ಸಿಸ್ಟಮ್ ತನಗೆ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ದೇವದಾಸ್ ಎಲ್ಲರ ಜೊತೆ ತಾನೂ ನಕ್ಕು ಕೂತ. ಅವನು ನಗಬಾರದಿತ್ತು. ರೇಗಿದ್ದರೆ, ಕುರ್ಚಿ ಒದ್ದು ಹೋಗಿದ್ದರೆ, ಆವತ್ತಿಗೆ ಅದು ಮುಗಿದುಹೋಗುತ್ತಿತ್ತು.

ಐರೋಲಿಯ ಆಫೀಸಿನಲ್ಲಿ ಅಭಯ್ ಕಾಯುತ್ತಿದ್ದ. ಬೆಂಗಳೂರಿನ ಹುಡುಗ, ಮೂವತ್ತೆರಡು. ಸುಮುಖನಿಗಿಂತ ಒಂಬತ್ತು ವರ್ಷ ಚಿಕ್ಕವನು, ಹುದ್ದೆಯಲ್ಲಿ ಎರಡು ಮೆಟ್ಟಿಲು ಮೇಲಿನವನು. ನಿಂತುಕೊಂಡೇ ಮಾತಾಡುತ್ತಾನೆ, ಕೂತವರಿಗೆ ಕತ್ತು ನೋಯುವ ಹಾಗೆ.

"ನಾಳೆ ಡೆಮೋ ಗುರು. ಶಹಾಡ್‌ನಿಂದ ಸೀವುಡ್ಸ್‌ವರೆಗೂ ನಲವತ್ತು ಪಾಯಿಂಟ್. ಎಲ್ಲಾ ಹಸಿರು ಇರ್ಬೇಕು, ಓಕೆ?"

"ಅದರಲ್ಲಿ ಒಂಬತ್ತು ಸೆನ್ಸರ್ ಇನ್ನೂ ಹಾಕೇ ಇಲ್ಲ ಅಭಯ್."

"ಹಾಕೋವರ್ಗೂ ನಿನ್ನ ಹೋಲ್ಡ್ ಇದ್ಯಲ್ಲ."

"ಹೋಲ್ಡ್ ಮಾಡಕ್ಕೆ ಕೊನೇ ಅಂಕಿ ಬೇಕಲ್ವಾ? ಇಲ್ದೇ ಇರೋ ಸೆನ್ಸರಿಗೆ ಕೊನೇ ಅಂಕಿ ಎಲ್ಲಿಂದ ತರ್ಲಿ?"

"ಒಂದು ಡೀಫಾಲ್ಟ್ ಹಾಕು. ಝೀರೋ ಪಾಯಿಂಟ್ ಫೋರ್ ಹಾಕು, ಚೆನ್ನಾಗಿ ಕಾಣತ್ತೆ."

ನಿನ್ನ ಹೋಲ್ಡ್. ಕೊನೆಯ ಅಂಕಿ ಹಿಡಿದಿಡುವ ಉಪಾಯಕ್ಕಿಟ್ಟ ಆ ಮಾತು ಆಫೀಸಿನಲ್ಲಿ ಅವನ ಹೆಸರಿಗೇ ಅಂಟಿಕೊಂಡಿತ್ತು, ಮನೆತನದ ಹೆಸರಿನ ಹಾಗೆ. "ನಮ್ಮ ಸೊಸೈಟಿ ಹತ್ರದ ನಾಲ್ಕನೇದು ಬೆಳಗ್ಗೆಯಿಂದ ಸತ್ತಿದೆ," ಎಂದ ಸುಮುಖ. "ಟಿಕೆಟ್ ಹಾಕಿದ್ಯಾ?" "ಹಾಕ್ದೆ." "ಮತ್ತೆ?" ಎಂದು ಅಭಯ್ ಫೋನು ಕಿವಿಗಿಟ್ಟುಕೊಂಡು ಹೋದ. ಹೌದು, ಮತ್ತೆ? ದೂರಿನ ಟಿಕೆಟ್ ಹಾಕಿದ ಮೇಲೆ ಮನುಷ್ಯನ ಕರ್ತವ್ಯ ಮುಗಿಯುತ್ತದೆ. ಜುಲೈನಲ್ಲೂ ಹಾಕಿದ್ದ, ಅದು ಹದಿನಾರು ದಿನ ತೆರೆದೇ ಬಿದ್ದಿತ್ತು.

ಊಟದ ಡಬ್ಬಿ ತೆರೆದ. ಚಪಾತಿ, ಹೀರೆಕಾಯಿ ಪಲ್ಯ. ಮುಚ್ಚಳ ತೆಗೆದ ಕೂಡಲೇ ಮೂಗಿನ ಹತ್ತಿರ ಹಿಡಿದ, ಯಾಕೆಂದು ಅವನಿಗೇ ತಿಳಿಯಲಿಲ್ಲ. ಎರಡು ವಾರದ ಹಿಂದೆ ಸಂಯುಕ್ತಾ ಅನ್ನ ಬಡಿಸುತ್ತಾ ಹೇಳಿದ್ದಳು: "ಪಾಪ ರೀ, ಮೇಲ್ಗಡೆ ನಳಿನಾಕ್ಷಿ ಅತ್ಕೊಂಡ್ರು. ಅವರ ಯಜಮಾನ್ರನ್ನ ಅಡಿಗೆಮನೆಯಿಂದ ತೆಗೆದು ಪಾರ್ಸೆಲ್ ಕಟ್ಟೋ ಟೇಬಲ್ಲಿಗೆ ಹಾಕಿದಾರಂತೆ." ಆ ಹೋಟೆಲಿನಲ್ಲಿ ಬೆಳಗ್ಗೆ ಮೊದಲ ಇಡ್ಲಿ ಪಾತ್ರೆ ಒಲೆಗೆ ಏರುವ ಮುಂಚೆ ದೇವದಾಸ್ ಬಂದು, ಹಿಟ್ಟಿನ ಕೊಪ್ಪರಿಗೆಯ ಬಟ್ಟೆ ಸರಿಸಿ, ಬಗ್ಗಿ ಮೂಸಬೇಕು, ಇದು ಇಡ್ಲಿಗೆ, ಇದು ಹುಳಿ ಜಾಸ್ತಿ, ದೋಸೆಗೆ ತಳ್ಳಿ, ಇದನ್ನು ಚೆಲ್ಲಿ ಎಂದು ಅವನು ಹೇಳಿದ ಮೇಲೆಯೇ ಕೆಲಸ. ನಸುಕಿಗೇ ಹೋಗಿ ಅಷ್ಟು ಮಾಡಿ, ಮನೆಗೆ ಬಂದು, ಎಂಟರ ಹೊತ್ತಿಗೆ ಮತ್ತೆ ಹೋಟೆಲಿಗೆ ಹೊರಡುವುದು, ಇಪ್ಪತ್ತೆರಡು ವರ್ಷ ಅದೇ ಪದ್ಧತಿ. ಆ ಮೀಟಿಂಗಿನ ನಂತರ ಅವನು ಬಗ್ಗಿ ಮೂಸಿ, ಸುಮ್ಮನೆ ನಿಂತು, ಪಕ್ಕದವರನ್ನು "ನೀನೊಮ್ಮೆ ನೋಡು ಮಾರಾಯ" ಎಂದು ಕರೆಯಲು ಶುರುಮಾಡಿದನಂತೆ. ಒಂದು ದಿನ ಹಳಸಿದ ಕಾಯಿ ಚಟ್ನಿಯ ಮುಂದೆ ನಿಂತು, ವಾಸನೆ ಬರುತ್ತಿದೆ ಅನ್ನಿಸಿದರೂ ತನ್ನದೇ ಭ್ರಮೆಯೆಂದು ಬಿಟ್ಟನಂತೆ. ಮೂರು ಟೇಬಲ್ಲಿನವರು ವಾಂತಿ ಮಾಡಿಕೊಂಡರು. "ಅದನ್ನೆಲ್ಲಾ ನಂಗ್ಯಾಕೆ ಹೇಳ್ತೀಯಾ?" ಎಂದು ಸುಮುಖ ಕಿರುಚಿದ್ದ. ಸಂಯುಕ್ತಾ ಸೌಟು ಹಿಡಿದುಕೊಂಡೇ ನೋಡಿದಳು. ಮಗಳು ಇಂಚರ, "ಪಪ್ಪಾ, ಗುಸ್ಸಾ ಕ್ಯೂಂ ಹೋ ರಹೇ ಹೋ?" ಎಂದಳು, ಸಿಟ್ಟು ಯಾಕೆ ಅಂತ. ಈ ಮಗುವಿಗೆ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಬರುತ್ತದೆ ಎಂದು ಅದರ ಮೇಲೂ ರೇಗಿ ಎದ್ದಿದ್ದ.

ಮಧ್ಯಾಹ್ನ ಮೂರರ ಸುಮಾರಿಗೆ ಅವನು ಆ ಕೆಲಸ ಮಾಡಿದ. ದೊಡ್ಡ ಧೈರ್ಯವೇನೂ ಬೇಕಾಗಲಿಲ್ಲ, ಒಂದು ಸಾಲಿನ ತಿದ್ದುಪಡಿ. ಹಿಡಿದಿಟ್ಟ ಅಂಕಿ ಬೇಡ, ಸದ್ದಿಲ್ಲದಿದ್ದರೆ ಬೂದು ತೋರಿಸು. ಅದನ್ನೂ ಎಲ್ಲ ಕಡೆಗೆ ಮಾಡಲಿಲ್ಲ. ಮಾಡಿದ್ದರೆ ನಾಳೆಯ ನಲವತ್ತರಲ್ಲಿ ಒಂಬತ್ತು ಬೂದಾಗಿ ಅಭಯ್ ಕೆಲಸದಿಂದಲೇ ತೆಗೆಯುತ್ತಿದ್ದ. ತಮ್ಮ ಸೊಸೈಟಿಯ ಗೇಟಿನ ಒಂದು ಪರದೆಗೆ ಮಾತ್ರ. ತಪ್ಪೊಪ್ಪಿಗೆಯಲ್ಲೂ ಇಷ್ಟು ಜಿಪುಣತನ ಮಾಡುತ್ತಿದ್ದೇನಲ್ಲ ಎಂದು ಅನ್ನಿಸಿದರೂ, ಗುಂಡಿ ಒತ್ತಿದ ಮೇಲೆ ಎದೆ ಹಗುರವಾದದ್ದು ನಿಜ. ಬೂದು ಬಣ್ಣ ತನ್ನ ಪರವಾಗಿ ಗೇಟಿನಲ್ಲಿ ನಿಂತು ಎಲ್ಲವನ್ನೂ ಹೇಳುತ್ತದೆ. ತಾನು ಬಾಯಿ ತೆರೆಯುವ ಅಗತ್ಯವಿಲ್ಲ. ದೇವದಾಸ್ ನೋಡುತ್ತಾನೆ, ಹೋ, ಇದು ಸತ್ತಿದೆ, ಹಾಗಾದರೆ ಆವತ್ತೂ ಸತ್ತಿದ್ದಿರಬೇಕು, ನನ್ನ ಮೂಗು ಸರಿಯಿತ್ತು ಎಂದುಕೊಳ್ಳುತ್ತಾನೆ. ಮುಂದೊಂದು ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಬೇರೆ ಥರ ನಗುತ್ತಾನೆ. ಸಂಜೆಯ ಗಾಡಿಯಲ್ಲಿ ಸುಮುಖ ಯಾರನ್ನೂ ಶಪಿಸದೆ ಡೊಂಬಿವಲಿಯವರೆಗೆ ಬಂದ.

ಗೇಟಿನಲ್ಲಿ ಆರೇಳು ಜನ ಪರದೆಯ ಮುಂದೆ ನಿಂತಿದ್ದರು. ನಾಲ್ಕನೆಯ ಚೌಕ ಬೂದಾಗಿ, ಮಿಡಿಯದೆ, ಐದು ಹಸಿರುಗಳ ನಡುವೆ ಇತ್ತು. ಟಿವಿ ಕೆಟ್ಟಿದೆ ಎಂದು ಒಬ್ಬರು, ವೋಲ್ಟೇಜ್ ಎಂದು ಇನ್ನೊಬ್ಬರು. ಪುಂಡರೀಕಾಕ್ಷರು ಕೋಲನ್ನು ಎತ್ತಿ ಮರಾಠಿಯಲ್ಲಿ ಬುದ್ಧಿ ಹೇಳುತ್ತಿದ್ದರು: ಕೆಟ್ಟಿಲ್ಲ, ಅಂಕಿಯ ಜಾಗದಲ್ಲಿ ಗೆರೆ ಇದೆ ಎಂದರೆ ಗ್ಯಾಸೇ ಇಲ್ಲ ಎಂದರ್ಥ, ಇದು ಹಸಿರಿಗಿಂತಲೂ ಒಳ್ಳೆಯದು. ಜನ ಒಪ್ಪಿದರು. ಸುಮುಖನನ್ನು ಕಂಡು, "ಏನಪ್ಪಾ, ಸರಿಯಾಗಿ ಹೇಳಿದ್ನಾ?" ಎಂದರು. ಅವನು ಹ್ಞೂಂ ಎಂದೂ ಅಲ್ಲದ, ಇಲ್ಲ ಎಂದೂ ಅಲ್ಲದ ಒಂದು ಸದ್ದು ಮಾಡಿ ಮೆಟ್ಟಿಲಿನ ಕಡೆ ಸರಿದ. ಆಗ ದೇವದಾಸ್ ಕೆಲಸ ಮುಗಿಸಿಕೊಂಡು, ಕೈಯಲ್ಲಿ ಪಾರ್ಸೆಲ್ ಚೀಲ ಹಿಡಿದು ಒಳಗೆ ಬಂದ; ಪರದೆಯ ಮುಂದೆ ನಿಂತ, ವಿಷಯವೇನೆಂದು ಕೇಳಿ ತಿಳಿದುಕೊಂಡ.

"ಹಾಗಾದ್ರೆ ಇವತ್ತು ಪಸ್ಟ್ ಕ್ಲಾಸ್ ಗಾಳಿ ಅನ್ನಿ," ಎಂದ ನಗುತ್ತಾ. "ನಾನು ನೋಡಿ, ಬೆಳಗ್ಗೆ ಸುಮುಖರ ಟೈಮ್ ಹಾಳು ಮಾಡಿದೆ, ವಾಸನೆ ವಾಸನೆ ಅಂತ. ನನ್ನ ಮೂಗು ಹೋಯ್ತು ಸ್ವಾಮಿ."

ಎಲ್ಲರೂ ನಕ್ಕರು. ಸುಮುಖನಿಗೆ ಬಂದದ್ದು ಪಶ್ಚಾತ್ತಾಪವಲ್ಲ, ರೋಷ; ಪರದೆಯ ಮೇಲೆ, ಆ ನಗುವಿನ ಮೇಲೆ, ಒಂದು ಬಣ್ಣವನ್ನು ನಂಬಿ ಬಂದ ತನ್ನ ಮೇಲೆ. "ಅದು ಸತ್ತಿದೆ," ಎಂದ, ಬೇಕಾದ್ದಕ್ಕಿಂತ ಜೋರಾಗಿ. "ಬೂದು ಅಂದ್ರೆ ಸೆನ್ಸರ್ ಸತ್ತಿದೆ ಅಂತ. ಬೆಳಗ್ಗೆ ಆರೂ ಹತ್ತರಿಂದ. ನಾನು ನಿಮಗೆ ಹಸಿರು ಅಂತ ಹೇಳ್ದಾಗ್ಲೂ ಸತ್ತಿತ್ತು. ಜುಲೈಲೂ ಸತ್ತಿತ್ತು, ಹತ್ತೊಂಬತ್ತು ದಿನ. ಮೀಟಿಂಗ್ ದಿನ ನಂಗೆ ಗೊತ್ತಿತ್ತು." ಕನ್ನಡ ಬಾರದವರು ಪಕ್ಕದವರ ಮುಖ ನೋಡಿದರು. ಪುಂಡರೀಕಾಕ್ಷರು ಸಾವರಿಸಿಕೊಂಡು, "ಇದೆಲ್ಲಾ ಗೇಟಲ್ಲಿ ನಿಂತು ಮಾತಾಡೋದಲ್ಲಪ್ಪ, ಕಮಿಟೀಲಿ ಇಡೋಣ," ಎಂದರು. ಶಾಲು ಹೊದಿಸಿದ ಕೈ ಅವರದು.

ದೇವದಾಸನ ನಗು ಮುಖದ ಮೇಲೆ ಇನ್ನೂ ಉಳಿದಿತ್ತು, ತೆಗೆಯಲು ಮರೆತವರ ಹಾಗೆ. ಬೈಯುತ್ತಾನೆ ಎಂದು ಸುಮುಖ ಕಾದ. ಕೆನ್ನೆಗೆ ಹೊಡೆಯಲಿ ಎಂದೂ ಆಸೆಪಟ್ಟ. ಹೊಡೆಸಿಕೊಂಡರೆ ಲೆಕ್ಕ ಸಮನಾಗುತ್ತದೆ. ದೇವದಾಸ್ ಹೊಡೆಯಲಿಲ್ಲ.

"ನಾನು ಡಾಕ್ಟ್ರ ಹತ್ರ ಹೋದೆ ಮಾರಾಯ್ರೆ," ಎಂದ ಮೆಲ್ಲಗೆ. "ಮೂಗಿನೊಳಗೆ ನಳಿಗೆ ಹಾಕಿ ನೋಡಿದ್ರು. ಎಂತದೂ ಇಲ್ಲ ಅಂದ್ರು. ಹಾಗಾದ್ರೆ ತಲೆಗೇ ಆದದ್ದು ಅಂತ ನಾನು ಹೆದರಿದೆ."

ದೇವದಾಸ್ ಒಮ್ಮೆ ಕಟ್ಟಡದ ಕಡೆ ನೋಡಿದ.

"ನಿಮ್ಮ ಅಡಿಗೆಮನೆ ಕಿಟಕಿ ನಮ್ಮದರ ಕೆಳಗೇ ಅಲ್ವಾ?"

"ಹೌದು."

"ನಾಲಾಕ್ಕೆ ಮುಖ ಮಾಡಿ."

"ಹೌದು."

"ಮಿಷನ್ ಬಿಡಿ. ಆ ವಾರ ನಿಮಗೆ ವಾಸನೆ ಬಂದಿತ್ತಾ?"

ಇದನ್ನು ಯಾರೂ ಕೇಳಿರಲಿಲ್ಲ. ಇದನ್ನು ಅವನೂ ತನ್ನನ್ನು ಕೇಳಿಕೊಂಡಿರಲಿಲ್ಲ, ಕೇಳಿಕೊಳ್ಳದಿರಲು ನಾಲ್ಕು ತಿಂಗಳು ಏನೆಲ್ಲ ಸರ್ಕಸ್ ಮಾಡಿದ್ದ. ನಸುಕಿನಲ್ಲಿ ನೀರು ಕುಡಿಯಲು ಎದ್ದದ್ದು. ಕೊಳೆತ ಈರುಳ್ಳಿಗೆ ಥಿನ್ನರ್ ಬೆರೆಸಿದಂಥ ಆ ನಾತ ಗಂಟಲಿಗೇ ಇಳಿದದ್ದು. ಕಿಟಕಿ ಮುಚ್ಚಿ, ಮಗಳ ಕೋಣೆಯ ಬಾಗಿಲನ್ನೂ ಎಳೆದುಕೊಂಡು, ಕತ್ತಲಲ್ಲಿ ಫೋನು ನೋಡಿದ್ದು. ಸತ್ತಿದೆ ಎಂದು ಗೊತ್ತಿದ್ದ ಚೌಕವೇ ಹಸಿರಾಗಿ ಮಿಡಿಯುತ್ತಿರುವುದನ್ನು ಕಂಡು, ಹಾಗಾದರೆ ಏನಿಲ್ಲ ಎಂದುಕೊಂಡು ಹೋಗಿ ನಿದ್ದೆ ಮಾಡಿದ್ದು. ನಿದ್ದೆ ಬಂದಿತ್ತು ಕೂಡ.

"ಬಂದಿತ್ತು," ಎಂದ.

"ಎಷ್ಟು ದಿನ?"

"ದಿನಾ."

ದೇವದಾಸ್ ತಲೆಯಾಡಿಸಿದ. ಈಗ ನಗು ಇರಲಿಲ್ಲ. ಆ ಮುಖವನ್ನು ಸುಮುಖ ಹಿಂದೆಂದೂ ನೋಡಿರಲಿಲ್ಲ; ಹಳಸಿದ ಹಿಟ್ಟಿನ ಕೊಪ್ಪರಿಗೆಯ ಮೇಲೆ ಬಗ್ಗಿದಾಗ ಅವನ ಮುಖ ಹೀಗೇ ಇರುತ್ತಿತ್ತೇನೋ. ಹತ್ತಿರ ಬಂದ.

"ಈಗ? ಈಗ ಬರ್ತಾ ಉಂಟಾ?"

ಸುಮುಖನ ಕಣ್ಣು ಅವನ ಅಪ್ಪಣೆ ಕೇಳದೆ ಪರದೆಯ ಕಡೆಗೆ ಹೋಯಿತು. ನಾಲ್ಕನೆಯ ಚೌಕ ಬೂದಾಗಿಯೇ ಇತ್ತು, ಅದರ ಮಧ್ಯೆ ಒಂದು ಗೆರೆ. ಕಣ್ಣನ್ನು ವಾಪಸು ತರುವಷ್ಟರಲ್ಲಿ ದೇವದಾಸ್ ಆ ನೋಟವನ್ನು ಕಂಡುಬಿಟ್ಟಿದ್ದ. ಪಾರ್ಸೆಲ್ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡ, ಎಲ್ಲರಿಗೂ ಬೆನ್ನು ಹಾಕಿ ನಾಲಾದ ಕಡೆ ತಿರುಗಿ, ಮೂಗಿನಿಂದ ಉದ್ದಕ್ಕೆ ಒಮ್ಮೆ ಉಸಿರೆಳೆದುಕೊಂಡ, ಸ್ವಲ್ಪ ಹೊತ್ತು ಒಳಗೇ ಇಟ್ಟುಕೊಂಡ.

"ಉಂಟು," ಎಂದ, ಯಾರನ್ನೂ ನೋಡದೆ, ಮತ್ತು ಮೆಟ್ಟಿಲು ಹತ್ತಿ ಹೋದ.